ಮುಳುಗು ಆಟದಲ್ಲಿ ನಿನ್ನ ಹೆಬ್ಬೆರಳು

ಪ್ರೀತಿಯ ಅಬ್ಬೀ,

ಹೆತ್ತ ನಿನಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ನೀನಿದ್ದಾಗ ಬರೆದಿದ್ದರೂ ಅದನ್ನು ತಿರುಗಿ ನನ್ನ ಕೈಗೇ ಕೊಟ್ಟು, "ಓದ್ ಹೆಣೆ, ನಂಗ್ ಕಣ್ಣ್ ಕಾಂತಿಲ್ಲೆ" ಅನ್ನುತ್ತಿದ್ದೆ. ಕಣ್ಣು ಚೆನ್ನಾಗಿಯೇ ಇತ್ತು. ಶಾಲೆಯಲ್ಲಿ ಕಲಿತ ನಾಲ್ಕಕ್ಷರ ಮರೆತುಹೋಗಿದೆ ಎನ್ನಲು ನಾಚಿಕೆ, ಅಷ್ಟೇ. ಈಗ ನೀನಿರುವಲ್ಲಿ ಅಂಥ ನಾಚಿಕೆಯೆಲ್ಲ ಇರಲಿಕ್ಕಿಲ್ಲ ಅಂದುಕೊಂಡು ಧೈರ್ಯ ಮಾಡಿ ಬರೆಯುತ್ತಿದ್ದೇನೆ. ಧೈರ್ಯ ಅಂದೆ ನೋಡು, ಅದು ಸುಳ್ಳು. ನನಗೆ ಹೆದರಿಕೆಯಾಗಿದೆ.

ಹೋದ ತಿಂಗಳು ಒಬ್ಬಳು ಮದುಮಗಳು ಬಂದಿದ್ದಳು. ನಾನೀಗ ಬೈಂದೂರಿನಲ್ಲಿ, ಬಸ್‌ಸ್ಟ್ಯಾಂಡಿನ ಹಿಂದೆ, ಸಣ್ಣದೊಂದು ಬ್ಯೂಟಿ ಪಾರ್ಲರ್ ಇಟ್ಟುಕೊಂಡಿದ್ದೇನೆ, ನಿನಗೆ ಅದೂ ಗೊತ್ತಿಲ್ಲ. ಎದುರಿಗೇ ನಿನ್ನ ಅಳಿಯನ ಮೊಬೈಲ್ ಅಂಗಡಿ. ಹುಬ್ಬು ತಿದ್ದುವಾಗ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬೆರಳುಗಳಲ್ಲಿ ತಿರುಚಿ, ಹೆಬ್ಬೆರಳು ಬಿಚ್ಚಿ ಮುಚ್ಚಿ ಕೂದಲು ಕೀಳಬೇಕು. ಕಣ್ಣಿನ ರೆಪ್ಪೆಯ ಮೇಲಿನ ಕೆಲಸ. ಅವತ್ತು ನನ್ನ ಬಲಗೈ ಹೆಬ್ಬೆರಳಿಗೆ ಬಿಚ್ಚು ಅಂದೆ, ಅದು ಬಿಚ್ಚಲಿಲ್ಲ. ಬಿಚ್ಚಿತು, ಆದರೆ ತಡವಾಗಿ. ದಾರ ಬೇಡದ ಜಾಗದ ಕೂದಲನ್ನು ಕಿತ್ತುಕೊಂಡು ಬಂತು. ಅವಳಿಗೆ ತಿಳಿಯದ ಹಾಗೆ ಪೆನ್ಸಿಲಿನಿಂದ ತುಂಬಿಸಿ, ನಗುತ್ತ ಕಳಿಸಿಕೊಟ್ಟು, ಬಾಗಿಲು ಹಾಕಿ ಕೂತೆ. ಮಡಿಲಲ್ಲಿಟ್ಟ ಕೈ ನೋಡಿದರೆ ಹೆಬ್ಬೆರಳು ತನ್ನಷ್ಟಕ್ಕೆ ತೋರುಬೆರಳನ್ನು ಉಜ್ಜುತ್ತಿತ್ತು. ನಾನು ಉಜ್ಜುತ್ತಿರಲಿಲ್ಲ ಅಬ್ಬಿ, ಅದೇ ಉಜ್ಜಿಕೊಳ್ಳುತ್ತಿತ್ತು. ಆ ಉಜ್ಜುವಿಕೆಯನ್ನು ನಾನು ಮೊದಲು ನೋಡಿದ್ದು ನಿನ್ನ ಮಡಿಲಿನಲ್ಲಿ.

ಉಡುಪಿ ಬೇರೆ ಜಿಲ್ಲೆಯಾದ ವರ್ಷದ ಮಳೆಗಾಲ ನೆನಪಿದೆಯಾ? ಮುಂಬೈ ಹೋಟೆಲಿನಿಂದ ರಜೆಗೆ ಬಂದ ಮಾವ ನನಗೂ ತಮ್ಮ ಸುರೇಶನಿಗೂ ಟಿ.ವಿ. ಗೇಮ್ ತಂದಿದ್ದ. ಬಿಳಿ ಡಬ್ಬಿ, ವೈರಿನ ತುದಿಗೆ ಎರಡು ರಿಮೋಟು, ಮೇಲೊಂದು ಹಳದಿ ಕ್ಯಾಸೆಟ್ಟು. ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟ ಇವೆ ಅಂತ ಬರೆದಿತ್ತು. ಹಾಕಿ ನೋಡಿದರೆ ಅವವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ. ಹಂಗಾರಕಟ್ಟೆಯ ನಮ್ಮ ಕೇರಿಯ ಮಕ್ಕಳೆಲ್ಲ ನಮ್ಮ ಚಾವಡಿಯಲ್ಲಿ ಜಮಾಯಿಸಿ ಮೊದಲ ಪುಟದ ಆಟಗಳನ್ನೇ ಆಡುತ್ತಿದ್ದರು. ಟ್ಯಾಂಕ್ ಹೊಡೆಯುವುದು, ಗೋಡೆ ಹಾರುವುದು, ಬಂದೂಕು ಹಿಡಿದು ಇಬ್ಬರು ಓಡುವುದು. ಎರಡನೇ ಪುಟಕ್ಕೆ ಹೋದವರೇ ಇಲ್ಲ. ದೋಣಿಗಳೆಲ್ಲ ದಡ ಹತ್ತಿ ಕೂತಿದ್ದವು, ನಿನಗೂ ಮೀನುಬುಟ್ಟಿ ಹೊತ್ತು ಮಾರುವ ಕೆಲಸ ಕಡಿಮೆ. ಒಂದು ಮಧ್ಯಾಹ್ನ ಗಲಾಟೆ ತಾಳಲಾರದೆ ಗುಡಿಸುವ ಹಿಡಿಸೂಡಿ ಹಿಡಿದು ಬಂದವಳು, ಎಲ್ಲರನ್ನೂ ಓಡಿಸಿ, ಬಂದ್ ಮಾಡುವ ಮೊದಲು ಒಂದು ಗಳಿಗೆ ನಿಂತೆ.

"ತಾ ಇಲ್ಲಿ. ಎಂತ ಇತ್ತ್ ಇದ್ರಗೆ ಕಾಂಬ" ಅಂದೆ. ಮೊದಲ ಪುಟ ನೋಡಿ ಮೂಗು ಮುರಿದೆ. "ಎಲ್ಲರೂ ಆಡೂದ್ ನಂಗ್ ಬ್ಯಾಡ. ಅಡಿಯಂಗ್ ಇಪ್ಪುದ್ ತೆಗಿ."

ಬಂದರಿನಲ್ಲೂ ನೀನು ಹಾಗೇ ಅಲ್ಲವಾ? ಎಲ್ಲರೂ ಮುತ್ತಿಕೊಂಡ ದೋಣಿಯ ಹತ್ತಿರ ನೀನು ಸುಳಿಯುತ್ತಲೇ ಇರಲಿಲ್ಲ. ಆಚೆ ತುದಿಯಲ್ಲಿ ಯಾರೂ ಕೇಳದೆ ನಿಂತ ದೋಣಿಗೆ ಹೋಗಿ, ಬುಟ್ಟಿಯ ತಳಕ್ಕೆ ಕೈಹಾಕಿ, ಯಾರ ಕಣ್ಣಿಗೂ ಬೀಳದ ಒಳ್ಳೆಯ ಮೀನು ಎತ್ತಿಕೊಂಡು ಬಾರ್ಕೂರಿನ ಬಸ್ಸು ಹತ್ತುತ್ತಿದ್ದೆ. ಕ್ಯಾಸೆಟ್ಟಿನ ತಳದಿಂದಲೂ ಹಾಗೇ ಆರಿಸಿದೆ. ಇಂಗ್ಲಿಷ್ ಹೆಸರು ನಿನಗೂ ಬೇಡ, ನಮಗೂ ಬಾರದು. ನೀನಿಟ್ಟದ್ದೇ ಹೆಸರು.

ಮುಳುಗು ಆಟ ಮೊದಲು ಸಿಕ್ಕಿದ್ದು. ಈಟಿ ಹಿಡಿದವನೊಬ್ಬ ನೀರೊಳಗಿನ ಗುಹೆಗಿಳಿಯುತ್ತಾನೆ, ಉಸಿರು ಮುಗಿಯುವುದರೊಳಗೆ ಮುಂದಿನ ಗಾಳಿಗುಳ್ಳೆ ಸಿಗಬೇಕು. ಸುರೇಶ ಒಮ್ಮೆ ಆಡಿ, "ಇದ್ ನಿಧಾನ ಮರಾಯ್ತಿ" ಅಂತ ಬಿಟ್ಟಿದ್ದ. ನಿಧಾನ ಅಂತಲೇ ನೀನು ಹಿಡಿದುಕೊಂಡೆ. ಹೊಳೆಗಿಳಿದು ಚಿಪ್ಪು ಹೆಕ್ಕಿದವಳಿಗೆ ನೀರು ಎಲ್ಲಿ ಎಳೆಯುತ್ತದೆ, ಎಲ್ಲಿ ಬಿಡುತ್ತದೆ ಅಂತ ಯಾರು ಹೇಳಿಕೊಡಬೇಕು? ಒಂದು ಸುರಂಗವಿತ್ತು, ಅಲ್ಲಿ ನೀರು ಹಿಂದಕ್ಕೆ ಎಳೆಯುವಾಗ ಸುಮ್ಮನಿದ್ದು, ಬಿಟ್ಟ ಕ್ಷಣವೇ ಗುಂಡಿ ಒತ್ತಿ ಮುಂದೆ ಚಿಮ್ಮಬೇಕು. ನಾವು ಎಷ್ಟು ಸಲ ಅಲ್ಲಿ ಸತ್ತೆವೋ. ನೀನು ಎಲೆ ಅಡಿಕೆ ಜಗಿಯುತ್ತ ದಾಟಿಬಿಡುತ್ತಿದ್ದೆ. ಕೊಡೆ ಆಟವೂ ಇತ್ತು. ಕೊಡೆ ಹಿಡಿದ ಹುಡುಗನೊಬ್ಬ ಕೋಟೆ ಹತ್ತುವುದು, ಮಡಚಿದರೆ ಅದು ಬಡಿಗೆ, ಬಿಚ್ಚಿದರೆ ಮೆಲ್ಲಗೆ ಕೆಳಗಿಳಿಯಬಹುದು. ನೋಡಿದವರೆಲ್ಲ ನಕ್ಕರು. ಆಡಿದ ಮೇಲೆ ನಗು ನಿಂತಿತು. ಆ ಆಟಗಳಲ್ಲಿ ಮೋಸವೇ ಇರಲಿಲ್ಲ ಅಬ್ಬಿ. ಹಕ್ಕಿ ಹೇಗೆ ಬರುತ್ತದೆ, ಹಾವುಮೀನು ಯಾವಾಗ ಬಾಯಿ ತೆರೆಯುತ್ತದೆ, ಎಲ್ಲ ಮೊದಲೇ ತೋರಿಸುತ್ತಿತ್ತು. ಸುಮ್ಮನೆ ಗುಂಡಿ ಕುಟ್ಟಿದರೆ ಸಾಯುವುದೇ. ನೋಡಿ, ಕಾದು, ಒಂದೇ ಸಲ ಒತ್ತಬೇಕು. ಅಷ್ಟು ಒಳ್ಳೆಯ ಆಟಗಳು ಯಾಕೆ ಯಾರಿಗೂ ಬೇಡವಾದವೋ.

ಇನ್ನೊಂದು ಕತ್ತಲೆ ಆಟ, ಅದನ್ನು ನೆನೆದರೆ ನನಗೆ ಇವತ್ತಿಗೂ ಹೆದರಿಕೆ. ಪರದೆಯೆಲ್ಲ ಕಪ್ಪು, ನಡುವೆ ಲಾಟೀನು ಹಿಡಿದ ಮುದುಕ. ಲಾಟೀನಿನ ಬೆಳಕು ಬಿದ್ದಷ್ಟೇ ಜಾಗ ಕಾಣುವುದು, ಉಳಿದದ್ದು ಶಬ್ದ ಮಾತ್ರ. ಏನೋ ಎಳೆದುಕೊಂಡು ಬರುವ ಶಬ್ದ. ಎಡದಿಂದಲೋ ಬಲದಿಂದಲೋ... ಬಂದು ಬಿದ್ದ ಮೇಲಷ್ಟೇ ಕಾಣುವುದು. ನಾನು ನಿನ್ನ ಸೀರೆಯೊಳಗೆ ಮುಖ ಹುಗಿಸುತ್ತಿದ್ದೆ. ನೀನು ನನ್ನ ಗಲ್ಲ ಹಿಡಿದು ಟಿ.ವಿ.ಯ ಕಡೆಗೆ ತಿರುಗಿಸುತ್ತಿದ್ದೆ. "ಹೆದ್ರುಕೆ ಆರೆ ಕಣ್ ಮುಚ್ಚುದಲ್ಲ ಹೆಣೆ, ಕಣ್ ಬಿಡ್ಕ್. ಬಪ್ಪುದ್ ಎಂತ ಅಂದೇಳಿ ಕಾಣ್ಕ್." ಕಾಣಬೇಕು ಅಂತ ಹೇಳುವುದು ಸುಲಭ.

ಎರಡೋ ಮೂರೋ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ನೀನು ಮುಳುಗು ಆಟದ ಆ ಸುರಂಗದಲ್ಲಿ ಸತ್ತೆ. ನಾವು ನಕ್ಕೆವು. ಮತ್ತೆ ಆಡಿದೆ, ಮತ್ತೆ ಅಲ್ಲೇ. ಎಲೆ ಅಡಿಕೆ ಉಗುಳಿ ಬಂದು ಗಂಭೀರವಾಗಿ ಕೂತು ಆಡಿದೆ, ಆಗಲೂ ಅಲ್ಲೇ. "ರಿಮೋಟ್ ಹಾಳಾಯ್ತ್" ಅಂದೆ. ಸುರೇಶ ರಿಮೋಟು ಬಿಚ್ಚಿ, ಒಳಗಿನ ರಬ್ಬರು ಒರೆಸಿ ಕೊಟ್ಟ. ನಾನು ಒತ್ತಿ ನೋಡಿದೆ, ಸರಿಯಾಗಿಯೇ ಇತ್ತು. ನೀನು ಒತ್ತಿದಾಗ ನಾನು ಟಿ.ವಿ. ನೋಡಲಿಲ್ಲ, ನಿನ್ನ ಹೆಬ್ಬೆರಳು ನೋಡಿದೆ. ನೀರು ಬಿಟ್ಟಾಗ ನಿನ್ನ ಹುಬ್ಬು ಮೇಲೇರುತ್ತಿತ್ತು, ಉಸಿರು ಹಿಡಿಯುತ್ತಿದ್ದೆ, ಎಲ್ಲವೂ ಸಮಯಕ್ಕೆ ಸರಿಯಾಗಿ. ಹೆಬ್ಬೆರಳು ಮಾತ್ರ ಆಮೇಲೆ ಬರುತ್ತಿತ್ತು. ಸತ್ತು ಮತ್ತೆ ಶುರುವಾಗುವ ನಡುವೆ ಮಡಿಲಲ್ಲಿದ್ದ ನಿನ್ನ ಕೈ ನಡುಗುತ್ತಿತ್ತು, ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ತಲೆಯೆತ್ತಿದರೆ ನೀನು ನನ್ನನ್ನೇ ನೋಡುತ್ತಿದ್ದೆ. ನನಗೆ ಗೊತ್ತಾಯಿತು ಅಂತ ನಿನಗೂ ಗೊತ್ತಾಯಿತು.

ದೋಣಿ ನೀರಿಗಿಳಿಸುವ ಮೊದಲು ಮನೆದೈವಕ್ಕೆ ಪೂಜೆಯಾಯಿತಲ್ಲ ಆ ವರ್ಷ, ಅವತ್ತು ನೀನು ಹೆಂಗಸರ ಸಾಲಿನ ಮುಂದೆ ನಿಂತಿದ್ದೆ. ಗಂಟೆ ಬಾರಿಸಿದರು, ಮಂಗಳಾರತಿ ಎದ್ದಿತು. ಕೈಮುಗಿಯಲು ಎತ್ತಿದ ನಿನ್ನ ಬಲಗೈ ನಡುಗಲು ಶುರುವಾಯಿತು. ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದೆ, ಒತ್ತಿದಷ್ಟೂ ಜಾಸ್ತಿಯಾಯಿತು. ದೊಡ್ಡಪ್ಪಯ್ಯ ತಿರುಗಿ ನೋಡಿದವರು, "ಬಂತ್! ಮೈಮೇಲ್ ಬಂತ್!" ಅಂತ ಕೂಗಿ ಅಲ್ಲೇ ಮಂಡಿಯೂರಿದರು. ನಮ್ಮಲ್ಲಿ ಪಾತ್ರಿಯ ಮೈಮೇಲೆ ದೈವ ಬರುವುದೂ ಹಾಗೇ ತಾನೇ, ಕೈಯ ನಡುಕದಿಂದಲೇ ಶುರು. ಯಾರೋ ನಿನ್ನ ಕೈಗೆ ಅಡಿಕೆಯ ಹಿಂಗಾರ ಕೊಟ್ಟರು. ಆ ಹೂವಿನ ಗೊನೆ ನಿನ್ನ ಕೈಯಲ್ಲಿ ಗಡಗಡ ಅಲುಗುತ್ತಿತ್ತು, ಹೂವು ಉದುರುತ್ತಿತ್ತು, ಸುತ್ತ ಎಲ್ಲರೂ ಅಡ್ಡಬೀಳುತ್ತಿದ್ದರು. ನಾನು ಕಂಬದ ಹಿಂದೆ ನಿಂತು ಅಳುತ್ತಿದ್ದೆ. ಭಕ್ತಿಯಿಂದ ಅಳುತ್ತಿದ್ದಾಳೆ ಅಂತ ಅತ್ತೆ ನನ್ನ ತಲೆ ಸವರಿದರು.

ಅಲ್ಲಿಂದ ಮುಂದೆ ಮನೆ ನಮ್ಮ ಮನೆಯಾಗಿ ಉಳಿಯಲಿಲ್ಲ. ಮೈಮೇಲೆ ಬರುವವಳು ಬುಟ್ಟಿ ಹೊತ್ತು ಬಸ್ಸು ಹತ್ತುವುದು ಸರಿಯಲ್ಲ ಅಂತ ದೊಡ್ಡಪ್ಪಯ್ಯ ನಿನ್ನ ವ್ಯಾಪಾರ ನಿಲ್ಲಿಸಿದರು. ದೈವ ಬರುವ ಚಾವಡಿಯಲ್ಲಿ ಆ ಗದ್ದಲ ಬೇಡ ಅಂತ ಟಿ.ವಿ. ಗೇಮು ಬಟ್ಟೆಗಂಟಿನಲ್ಲಿ ಅಟ್ಟ ಸೇರಿತು. ಮಂಗಳವಾರ ಜನ ಬಂದು ಸಾಲಾಗಿ ಕೂರುತ್ತಿದ್ದರು: ಕಳೆದ ಸರ ಎಲ್ಲಿದೆ, ಮಗಳಿಗೆ ಸಂಬಂಧ ಕೂಡುತ್ತದಾ, ಬಲೆಗೆ ಮೀನು ಬೀಳುತ್ತದಾ. ನೀನು ಏನೂ ಹೇಳುತ್ತಿರಲಿಲ್ಲ, ಕೈ ನಡುಗುತ್ತಿತ್ತು, ಅರ್ಥ ದೊಡ್ಡಪ್ಪಯ್ಯ ಹೇಳುತ್ತಿದ್ದರು. ಅವರು ಕೆಟ್ಟವರಲ್ಲ, ಪೂರ್ತಿ ನಂಬಿದ್ದರು. ಅಪ್ಪಯ್ಯನಂತೂ ಅಣ್ಣನ ಎದುರು ಬಾಯಿ ಬಿಟ್ಟವರೇ ಅಲ್ಲ. ಮೀನು ತೊಳೆಯುವ ಕಲ್ಲಿನ ಹತ್ತಿರ ಒಂದು ದಿನ ನಿನ್ನನ್ನು ಕೇಳಿದೆ, ಅಬ್ಬಿ, ನೀನು ಯಾಕೆ ಸುಮ್ಮನಿದ್ದೀ ಅಂತ.

"ದೈವ ಆರೆ ಒಳ್ಳೇದೇ ಅಲ್ದಾ ಹೆಣೆ" ಅಂದೆ. ಕೈಯ ಮೀನನ್ನು ಬುಟ್ಟಿಗೆ ಹಾಕಿ, "ದೈವ ಅಲ್ದಿರೆ ಎಂತ ಅದ್?" ಅಂದೆ.

ನೀನು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕತ್ತಲೆ ಆಟದ ಎದುರು ಕಣ್ಣು ಮಿಟುಕಿಸದೆ ಕೂತವಳು, ನಿನ್ನದೇ ಕೈಯನ್ನು ಸೆರಗಿನಡಿ ಮುಚ್ಚಿಟ್ಟುಕೊಂಡು ನಿಂತಿದ್ದೆ. ಅವತ್ತು ಆ ಕೈಯನ್ನು ನಾನು ಹಿಡಿದುಕೊಳ್ಳಬೇಕಿತ್ತು, ಹಿಡಿಯಲಿಲ್ಲ.

ಗಂಗೊಳ್ಳಿ ಕಡೆಯ ಆ ಹೊಸ ಮದುವೆಯ ಹುಡುಗಿ ಬಂದ ಮಂಗಳವಾರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸಮುದ್ರದ ಅಬ್ಬರ ಇನ್ನೂ ಇಳಿದಿರಲಿಲ್ಲ, ಬೋಟಿನ ಸಾಹುಕಾರ ಮಾತ್ರ ಹೊರಡಲೇಬೇಕು ಅಂತ ಹಟ ಹಿಡಿದಿದ್ದನಂತೆ. ಹುಡುಗಿ ನಿನ್ನ ಕಾಲು ಹಿಡಿದುಕೊಂಡು, "ಇವ್ರ್ ನಾಡ್ದ್ ಬೋಟಿಗ್ ಹೋಯ್ಲಕ್ಕಾ ಅಮ್ಮಾ? ನೀವ್ ಹೇಳ್ದದ್ದೇ ಸೈ" ಅಂದಳು. ನಿನ್ನ ಕೈ ಎಂದಿನ ಹಾಗೆ ನಡುಗಿತು. ದೊಡ್ಡಪ್ಪಯ್ಯ ಕಣ್ಣುಮುಚ್ಚಿ, "ಅಪ್ಪಣೆ ಆಯ್ತ್. ಹೋಯ್ಲಿ" ಅಂದರು. ಆ ಹುಡುಗಿಯ ಮುಖ ಅರಳಿದ್ದನ್ನು ನೋಡಿದೆಯಲ್ಲ ನೀನು? ಅಲ್ಲಿಗೆ ನಿನಗೆ ಸಾಕಾಯಿತು.

"ಮಾಣಿ, ಅಟ್ಟದ್ ಮೇಲಿಂದ ಆ ಟಿ.ವಿ. ಗೇಮ್ ಇಳ್ಸ್" ಅಂದೆ ಸುರೇಶನಿಗೆ.

ಯಾರಿಗೂ ಏನೂ ಅರ್ಥವಾಗಲಿಲ್ಲ. ದೈವವೇ ಕೇಳುತ್ತಿದೆ ಅಂದುಕೊಂಡು ಇಬ್ಬರು ಗಂಡಸರು ಏಣಿ ಹಿಡಿದರು. ಸುರೇಶ ವೈರು ಜೋಡಿಸಿದ. ಕೂತವರೆಲ್ಲ ಕೈಮುಗಿದುಕೊಂಡೇ ಟಿ.ವಿ.ಯ ಕಡೆ ತಿರುಗಿದರು, ಅಗರಬತ್ತಿಯ ಹೊಗೆಯ ಮಧ್ಯೆ ಮುಳುಗು ಆಟದ ಟುಂಯ್ ಟುಂಯ್ ಹಾಡು ಶುರುವಾಯಿತು. ಇವತ್ತು ನೆನೆದರೆ ನಗು ಬರುತ್ತದೆ, ಅವತ್ತು ಬರಲಿಲ್ಲ. ನೀನು ಆ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಸುರಂಗದವರೆಗೆ ಆಡಿದೆ. ಸತ್ತೆ. ಮತ್ತೆ ಆಡಿದೆ. ಮತ್ತೆ ಸತ್ತೆ.

"ಕಾಣ್ ತಂಗಿ" ಅಂದೆ ಅವಳಿಗೆ. "ಈ ಜಾಗ ನಾನ್ ಕಣ್ ಮುಚ್ಚಿ ದಾಟ್ತಿದ್ದೆ. ಈಗ ಒತ್ತ್ ಅಂತ ಮನ್ಸ್ ಹೇಳತ್ತ್, ಬೆರಳ್ ಕೇಂತಿಲ್ಲೆ. ಆಡೂಕ್ ಕೂಕಂಡ್ರೂ ನಡ್ಗತ್ತ್, ಉಂಬುಕ್ ಕೂಕಂಡ್ರೂ ನಡ್ಗತ್ತ್. ಇದ್ ದೈವ ಅಲ್ಲ, ಸೀಕ್. ಈ ಕೈ ನಂಬಿ ಗಂಡನ್ ಸಮುದ್ರಕ್ ಕಳ್ಸ್‌ಬ್ಯಾಡ."

ದೊಡ್ಡಪ್ಪಯ್ಯ ಎದ್ದು ನಿಂತು, "ಮನೆ ಮರ್ಯಾದಿ ತೆಗ್ದ್ ಹಾಕ್ದ್ಯಲ್ಲೇ" ಅಂದರು, ಅನ್ನುತ್ತಲೇ ಅತ್ತುಬಿಟ್ಟರು. ನೀನು ರಿಮೋಟು ಕೆಳಗಿಡಲಿಲ್ಲ. ಅವತ್ತು ನಿನಗೆ ಹೆದರಿಕೆಯಾಗಲಿಲ್ಲವಾ? ಮರುದಿನದಿಂದ ಯಾರೂ ಕೈಮುಗಿಯುವುದಿಲ್ಲ, ಮೊದಲಿನ ಹಾಗೆ ಬುಟ್ಟಿ ಹೊರಲೂ ಆಗುವುದಿಲ್ಲ, ಕೊನೆಗೆ ಉಳಿಯುವುದು ನಡುಗುವ ಕೈ ಒಂದೇ ಅಂತ ನಿನಗೆ ಗೊತ್ತಿರಲಿಲ್ಲವಾ? ಕೇಳಬೇಕಿತ್ತು. ಕೇಳುವ ಹೊತ್ತಿಗೆ ನಿನ್ನ ಮಾತೇ ತೊದಲಿ ತೊದಲಿ ನಿಂತುಹೋಗಿತ್ತು. ದೊಡ್ಡ ಆಸ್ಪತ್ರೆಯವರು ಪಾರ್ಕಿನ್ಸನ್ ಅಂದರು. ಅಪ್ಪಯ್ಯ ಅದನ್ನು ಯಾರದೋ ಹೆಸರು ಅಂದುಕೊಂಡು "ಅವ್ರ್ ಯಾರ್?" ಅಂತ ಕೇಳಿದ್ದರು. ಆಮೇಲಿನ ವರ್ಷಗಳು, ಚಮಚದಲ್ಲಿ ಕೊಟ್ಟ ಗಂಜಿ, ಅದೂ ಶ್ವಾಸಕ್ಕೆ ಹೋಗಿ ನೀನು ಒದ್ದಾಡಿದ್ದು... ಅದನ್ನು ನಿನಗೆ ನಾನು ಬರೆದು ಹೇಳಬೇಕಾಗಿಲ್ಲ.

ಮದುಮಗಳು ಹೋದ ಆ ಮಧ್ಯಾಹ್ನ ನಾನು ಮೊಬೈಲಿನಲ್ಲಿ ಮುಳುಗು ಆಟ ಹುಡುಕಿದೆ. ಈಗ ಹಳೆಯ ಆಟಗಳೆಲ್ಲ ಅದರಲ್ಲೇ ಸಿಗುತ್ತವೆ. ಯಾವ ದೇಶದವನೋ ಒಬ್ಬ, ಜನ ಕಡೆಗಣಿಸಿದ, ಆದರೆ ಆಡಲೇಬೇಕಾದ ಹಳೆಯ ಆಟಗಳು ಅಂತ ಬರೆದಿದ್ದಾನೆ, ಅದರಲ್ಲಿ ನಿನ್ನ ಆಟದ ಚಿತ್ರವೂ ಇದೆ. ನಮ್ಮ ಹಂಗಾರಕಟ್ಟೆಯಲ್ಲಿ ಮೀನು ಮಾರುವವಳೊಬ್ಬಳು ಅವನಿಗಿಂತ ಎಷ್ಟೋ ಮೊದಲೇ ಅದನ್ನು ತಳದಿಂದ ಹೆಕ್ಕಿದ್ದಳು ಅಂತ ಅವನಿಗೆ ಯಾರು ಹೇಳಬೇಕು? ಆಡಿದೆ. ಹಾವುಮೀನು ಅದೇ, ಹಾಡು ಅದೇ. ಸುರಂಗ ಬಂತು, ನೀರು ಎಳೆಯಿತು, ಬಿಟ್ಟಿತು. ಒತ್ತಿದೆ ಅಂದುಕೊಂಡೆ. ಪರದೆಯಲ್ಲಿ ಅವನು ಸತ್ತು ತೇಲುತ್ತಿದ್ದ. ಮೂವತ್ತು ದಾಟಿ ಎಷ್ಟು ದಿನ ಆಯಿತು ಅಬ್ಬಿ ನನಗೆ? ನಿನಗೆ ಬಂದಾಗ ನೀನು ಇನ್ನೂ ಸ್ವಲ್ಪ ದೊಡ್ಡವಳಿದ್ದೆಯಲ್ಲ?

ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ, ಯಾರಿಗೂ ಹೇಳದೆ. ಡಾಕ್ಟರು ಹೆಬ್ಬೆರಳನ್ನು ತೋರುಬೆರಳಿಗೆ ತಟ್ಟಿಸಿದರು, ನಡೆಸಿದರು, ಬರೆಸಿದರು. ನಿನ್ನ ವಿಷಯವನ್ನೆಲ್ಲ ಕೇಳಿ ತಿಳಿದುಕೊಂಡರು. ಹೌದು, ಅದೇ ಸೀಕು ಅಂದರು. ಬೇಗ ಬಂದಿದ್ದೀರಿ, ಮದ್ದಿದೆ, ವರ್ಷಗಟ್ಟಲೆ ಕೈ ಮಾತು ಕೇಳುತ್ತದೆ, ಆಮೇಲಿನದು ಆಮೇಲೆ ನೋಡೋಣ ಅಂದರು. ಆ "ಆಮೇಲೆ" ಇದೆಯಲ್ಲ, ಅದು ನನ್ನ ಜೊತೆ ಬಸ್ಸು ಹತ್ತಿ ಬೈಂದೂರಿನವರೆಗೆ ಬಂತು. ನಿನ್ನ ಅಳಿಯನಿಗೆ ಹೇಳಿದೆ. ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಕೈಯನ್ನು ತಮ್ಮ ಕೈಯಲ್ಲಿ ತಗೊಂಡರು. "ಮದ್ದ್ ಇತ್ತ್ ಅಂದ್ರಲ್ಲ. ತಕಂಬ" ಅಂದರು. ಬೇರೇನೂ ಅನ್ನಲಿಲ್ಲ, ಕೈಯನ್ನೂ ಬಿಡಲಿಲ್ಲ. ಬೆಳಿಗ್ಗೆಯಿಂದ ಪಾರ್ಲರಿಗೆ ಬಂದವರಿಗೆಲ್ಲ ಇನ್ನು ಮೇಲೆ ಹುಬ್ಬು ತೆಗೆಯುವುದಿಲ್ಲ ಅನ್ನುತ್ತಿದ್ದೇನೆ, ಯಾಕೆ ಅಂತಲೂ ಹೇಳುತ್ತಿದ್ದೇನೆ.

ಡಾಕ್ಟರು ಕೊನೆಯಲ್ಲಿ ಇನ್ನೊಂದು ಕೇಳಿದ್ದರು: ಇದು ರಕ್ತದಲ್ಲಿ ಬರುವುದುಂಟು, ಒಡಹುಟ್ಟಿದವರು ಇದ್ದಾರಾ? ಅದು ನಿನ್ನೆಯವರೆಗೂ ನನ್ನ ಎದೆಯ ಮೇಲೆ ಕೂತಿತ್ತು. ಸುರೇಶ ಮಲ್ಪೆಯ ಬೋಟಿಗೆ ಹೋಗುತ್ತಾನೆ, ದಡಕ್ಕೆ ಬಂದ ಸುದ್ದಿ ಸಿಕ್ಕಿದ ಮೇಲೆ ಫೋನ್ ಮಾಡಿದೆ. ನನ್ನ ಕೈಯ ಸುದ್ದಿ ಹೇಳಿದೆ. ಬಂದರಿನ ಗಲಾಟೆಯ ನಡುವೆ ಅವನ ದನಿ ಬಂತು.

"ಅಕ್ಕಾ... ನಂದ್ ಎಡಗೈ."

"ಯಾವಾಗಿಂದ?"

"ಹ್ವಾದ್ ಮಳ್ಗಾಲ್ದಿಂದ. ಬಲೆ ಎಳೂವತಿಗೆ ಗೊತ್ತಾತಿಲ್ಲೆ. ಸುಮ್ನೆ ಇಪ್ಪತಿಗೆ ನಡ್ಗತ್ತ್. ಕಿಸೆಯಂಗ್ ಹಾಯ್ಕಂತೆ."

"ಎಂತಕ್ ಹೇಳ್ಲಿಲ್ಲೆ ಮಾಣಿ?"

"ನಿಂಗ್ ಹೆದ್ರುಕೆ ಆತ್ ಅಂದೇಳಿ."

ಇದು ನೀನು ಕೇಳದ ಸುದ್ದಿ ಅಬ್ಬಿ. ನಿನಗೆ ಇದನ್ನು ಹೇಳಬಾರದಿತ್ತೇನೋ, ಆದರೆ ಬೇರೆ ಯಾರಿಗೆ ಹೇಳಲಿ? ನಾಳೆ ಬೆಳಿಗ್ಗೆ ಅವನನ್ನೂ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ. ನಾನು ಬೈಂದೂರಿನಿಂದ ಹೊರಡುತ್ತೇನೆ, ಅವನು ಬ್ರಹ್ಮಾವರ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಾನೆ. ಕೈ ಕಿಸೆಯಿಂದ ಹೊರಗೆ ತೆಗೆದು ನಿಲ್ಲು ಅಂತ ಹೇಳಿದ್ದೇನೆ.

ನಿನ್ನ ಹೆಣ್ಣು